ಬ್ಯಾನರಿನಲ್ಲಿ ಉಳಿದ ವಿಮರ್ಶಕ

ದಲಿತ ಸಂಘರ್ಷ ಸಮಿತಿಯ ಧರಣಿ ಎಲ್ಲಿಯಾದರೂ ನಡೆಯುತ್ತಿದ್ದರೆ ಹಿಂದೆ ಕಟ್ಟಿದ ಬ್ಯಾನರನ್ನು ಒಮ್ಮೆ ನಿಂತು ಓದಬೇಕು. ಸಂಘಟನೆಯ ಹೆಸರಿನ ಪಕ್ಕದಲ್ಲಿ ನೋಂದಣಿ ಸಂಖ್ಯೆ 47/74-75 ಎಂದಿರುತ್ತದೆ. ಅದರ ಆಚೀಚೆ ಎಲ್ಲೋ ‘ಪ್ರೊ. ಬಿ. ಕೃಷ್ಣಪ್ಪ ಸ್ಥಾಪಿತ’ ಎಂಬ ಸಾಲು. ಸಮಿತಿ ಒಡೆದು ಹಲವು ಬಣಗಳಾಗಿ ಬಹಳ ವರ್ಷ ಆಯಿತು. ಆದರೂ ಬೇರೆ ಬೇರೆ ಬಣದವರ ಬ್ಯಾನರಿನಲ್ಲಿ ಅದೇ ಸಂಖ್ಯೆ, ಅದೇ ಹೆಸರು ಕಾಣುತ್ತದೆ. ಪಾಲಾದ ಮೇಲೂ ಅಣ್ಣತಮ್ಮಂದಿರು ಹಿರಿಯರ ಫೋಟೊವನ್ನು ತಂತಮ್ಮ ಪಡಸಾಲೆಯಲ್ಲಿ ಹಾಕಿಕೊಳ್ಳುವ ಹಾಗೆ.

ಇನ್ನೊಂದು ಕಡೆ ಕನ್ನಡ ಎಂ.ಎ. ವಿದ್ಯಾರ್ಥಿಗಳ ನೋಟ್ಸ್ ನೋಡಿ. ನವೋದಯ, ಪ್ರಗತಿಶೀಲ, ನವ್ಯ, ದಲಿತ-ಬಂಡಾಯ ಎಂದು ನಾಲ್ಕು ಕೋಣೆ. ನಾಲ್ಕನೆಯ ಕೋಣೆಯಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಇದೆ, ದೇವನೂರ ಮಹಾದೇವರ ‘ಒಡಲಾಳ’, ‘ಕುಸುಮಬಾಲೆ’ ಇವೆ. ಕೃಷ್ಣಪ್ಪನವರಿಗೆ ಸಿಗುವುದು ಒಂದೇ ವಾಕ್ಯ: ದಲಿತ ಚಳವಳಿಯ ಸ್ಥಾಪಕರು. ಅಲ್ಲಿಗೆ ಮುಗಿಯಿತು, ಮುಂದಿನ ಪ್ರಶ್ನೆಗೆ ಹೋಗಬಹುದು. ಭದ್ರಾವತಿಯ ಕಾಲೇಜಿನಲ್ಲಿ ವರ್ಷಗಟ್ಟಲೆ ಕನ್ನಡ ಸಾಹಿತ್ಯವನ್ನೇ ಪಾಠ ಮಾಡಿದ, ಸಾಹಿತ್ಯ ಯಾರದು ಎಂದು ಬರೆದು ವಾದ ಮಾಡಿದ ಮನುಷ್ಯ ಸಾಹಿತ್ಯ ಚರಿತ್ರೆಯ ಹೊಸ್ತಿಲ ಹೊರಗೇ ನಿಂತಿದ್ದಾರೆ. ಹೊಸ್ತಿಲ ಹೊರಗೆ ಎಂಬ ಮಾತನ್ನು ತಿಳಿದೇ ಬಳಸುತ್ತಿದ್ದೇನೆ.

ಕೃಷ್ಣಪ್ಪನವರು ಹುಟ್ಟಿದ್ದು 1938ರ ಜೂನ್ 9ರಂದು, ಹರಿಹರದಲ್ಲಿ, ಬಡ ಮಾದಿಗ ಕುಟುಂಬದಲ್ಲಿ. ತೀರಿಕೊಂಡದ್ದು 1997ರ ಏಪ್ರಿಲ್ 30ರಂದು, ನಮ್ಮ ಕಡೆಯ ಗದಗಿನಲ್ಲಿ. ಈ ಎರಡು ತಾರೀಖುಗಳ ನಡುವಿನ ಬದುಕನ್ನು ಹೋರಾಟದ ಕತೆಯಾಗಿ ಹೇಳುವವರು ಬಹಳ ಜನ ಇದ್ದಾರೆ, ಹೇಳಲಿ. ನನ್ನ ಆಸಕ್ತಿ ಬೇರೆ. ಅವರನ್ನು ವಿಮರ್ಶಕ ಎಂದು ಓದಿದರೆ ಏನು ಕಾಣುತ್ತದೆ?

ಮೊದಲಿಗೆ ಒಂದು ಸಂಗತಿ ಕಾಣುತ್ತದೆ. ಕರ್ನಾಟಕದ ದಲಿತ ಚಳವಳಿ ಹೊತ್ತಿಕೊಂಡದ್ದೇ ಸಾಹಿತ್ಯದ ಬಗೆಗಿನ ಒಂದು ಮಾತಿನಿಂದ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದರು. ಗಲಾಟೆ ಎದ್ದಿತು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಬಸವಲಿಂಗಪ್ಪನವರು ಸಚಿವ ಸ್ಥಾನ ಕಳೆದುಕೊಂಡರು. ಬೂಸಾ ಎಂದರೆ ದನದ ಮೇವು. ರೈತಾಪಿ ಮನೆಯಲ್ಲಿ ಅದು ಬೈಗುಳವೇ ಅಲ್ಲ, ಎಮ್ಮೆ ಹಾಲು ಕೊಡುವುದೇ ಅದರಿಂದ. ಆದರೆ ಒಬ್ಬ ದಲಿತ ಸಚಿವನ ಬಾಯಲ್ಲಿ ಅದು ಬಂದಾಗ ಸಾಹಿತ್ಯದ ಬಗ್ಗೆ ತೀರ್ಪು ಕೊಡುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆ ಬೀದಿಗೆ ಬಿತ್ತು. ಸಂಘರ್ಷ ಸಮಿತಿಯ ಆ ನೋಂದಣಿ ಸಂಖ್ಯೆ ಹುಟ್ಟಿದ್ದು ಇದರ ಬೆನ್ನಿಗೇ. 1976ರಲ್ಲಿ ಭದ್ರಾವತಿಯಲ್ಲಿ ದಲಿತ ಲೇಖಕ ಕಲಾವಿದರ ಸಮಾವೇಶ ನಡೆಯಿತು. ಸಂಘಟನೆ ಮೊದಲು, ಸಾಹಿತ್ಯ ಆಮೇಲೆ ಎಂಬ ಲೆಕ್ಕ ಅಲ್ಲಿ ಇರಲಿಲ್ಲ. ಎರಡೂ ಒಂದೇ ಚಾಪೆಯ ಮೇಲೆ ಕುಳಿತಿದ್ದವು.

ಆಮೇಲೆ 1979. ಧರ್ಮಸ್ಥಳದಲ್ಲಿ 51ನೆಯ ಸಾಹಿತ್ಯ ಸಮ್ಮೇಳನ, ಗೋಪಾಲಕೃಷ್ಣ ಅಡಿಗರು ಅಧ್ಯಕ್ಷರು. ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಇಡಿ ಎಂದು ಕಲಬುರಗಿ ಕಡೆಯ ಚೆನ್ನಣ್ಣ ವಾಲೀಕಾರರು ಪರಿಷತ್ತಿಗೆ ಬರೆದರು. ಪರಿಷತ್ತು ಒಪ್ಪಲಿಲ್ಲ. ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಬೇರೆಯೇ ನಡೆಯಿತು. ಕೇಳಿದ್ದು ಎಷ್ಟು ಸಣ್ಣದು ನೋಡಿ: ಒಂದೆರಡು ತಾಸಿನ ಒಂದು ಗೋಷ್ಠಿ, ಒಂದು ಮೈಕು. ಸಾಹಿತ್ಯಕ್ಕೆ ಜಾತಿಯಿಲ್ಲ ಎಂಬ ವಾದ ಕೇಳಲು ಹಿತವಾಗಿರುತ್ತದೆ, ಜಾತಿಯ ಕಾರಣಕ್ಕೆ ಬಾಗಿಲ ಹೊರಗೆ ನಿಂತ ಅನುಭವ ಇಲ್ಲದವರಿಗೆ. ಕೃಷ್ಣಪ್ಪ ಮತ್ತು ಅವರ ಸಂಗಾತಿಗಳ ಆ ಕಾಲದ ವಾದವನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಕೃತಿಯ ಒಳಗೆ ಏನಿದೆ ಎಂದು ಕೇಳುವ ಮೊದಲು, ಅದು ಓದಲ್ಪಡುವ ಸಭೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಕೇಳಿ. ನವ್ಯದ ಕಾಲದಲ್ಲಿ ನಾವು ಕಲಿತ ವಿಮರ್ಶೆಗೆ ಈ ಪ್ರಶ್ನೆ ಕೇಳಲು ಪದಗಳೇ ಇರಲಿಲ್ಲ.

ಈ ಪ್ರಶ್ನೆಯಿಂದಲೇ ಅವರ ಇನ್ನೊಂದು ನಿಲುವು ಬಂತು. ದಲಿತ ಸಾಹಿತ್ಯದಲ್ಲಿ ನಯಗಾರಿಕೆ ಹುಡುಕಬೇಡಿ. ಅದು ಯಾರಿಗಾಗಿ ಬರೆದದ್ದೋ ಅವರಿಗೆ ಮುಟ್ಟಬೇಕು ಎಂಬ ನಿಲುವು. ಇದನ್ನು ನಾನು ಪೂರ್ತಿ ಒಪ್ಪಲಾರೆ. ಅವರ ಸಂಘಟನೆಯ ಒಳಗೇ ಇದ್ದ ದೇವನೂರರು 1984ರಲ್ಲಿ ‘ಕುಸುಮಬಾಲೆ’ ಕೊಟ್ಟರು. ಆ ಸಣ್ಣ ಪುಸ್ತಕ ನಂಜನಗೂಡು ಸೀಮೆಯ ಆಡುಮಾತಿನಲ್ಲಿದೆ. ಬೈಲಹೊಂಗಲದ ಓದುಗನೊಬ್ಬ ಅದನ್ನು ಮೂರು ಸಲ ಓದಿದರೂ ಕೆಲವು ಕಡೆ ತಡವರಿಸುತ್ತಾನೆ. ಮುಟ್ಟಬೇಕು ಎಂಬ ಒಂದೇ ಅಳತೆಗೋಲಿನಲ್ಲಿ ಅದನ್ನು ಅಳೆದರೆ ಸೋಲುತ್ತದೆ. ಆದರೆ ಕೇರಿಯ ಮಾತಿಗೂ ಪುರಾಣದಷ್ಟು ಆಳ ಇದೆ ಎಂದು ತೋರಿಸಿದ್ದು ಆ ಪುಸ್ತಕವೇ, ಯಾವ ಕರಪತ್ರವೂ ಆ ಕೆಲಸ ಮಾಡಲಾರದು. ಕೃಷ್ಣಪ್ಪನವರ ಮಾತಿನ ಅವಸರ ನನಗೆ ಅರ್ಥವಾಗುತ್ತದೆ. ಏಟು ತಿಂದವನು ಠಾಣೆಯ ಬಾಗಿಲಲ್ಲಿ ನಿಂತಿರುವಾಗ ರೂಪಕದ ಚರ್ಚೆ ಯಾರಿಗೂ ಬೇಡ. ಆದರೆ ಆ ಅವಸರವನ್ನೇ ಸಿದ್ಧಾಂತ ಮಾಡಿಕೊಂಡ ಮುಂದಿನವರು ಬರೆದ ಎಷ್ಟೋ ಪದ್ಯ ಘೋಷಣೆಯ ಆಚೆ ದಾಟಲಿಲ್ಲ. ಅದೂ ಅವರ ಪರಂಪರೆಯ ಭಾಗವೇ.

ನಯಗಾರಿಕೆಯ ವಿಷಯದಲ್ಲಿ ತಕರಾರು ಏನೇ ಇರಲಿ, ಪದಗಳ ವಿಷಯದಲ್ಲಿ ಈ ಚಳವಳಿ ಮಾಡಿದ ಕೆಲಸ ದೊಡ್ಡದು. ಅದನ್ನು ನಮ್ಮ ಜಿಲ್ಲೆಯಿಂದಲೇ ನೋಡಬಹುದು.

ಸವದತ್ತಿಯ ಎಲ್ಲಮ್ಮನ ಗುಡ್ಡ ನಮಗೆಲ್ಲ ಗೊತ್ತು. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಚಕ್ಕಡಿ, ಟ್ರ್ಯಾಕ್ಟರ್, ಬಸ್ಸು ಎಲ್ಲ ಆ ಕಡೆಗೇ. ಅಲ್ಲಿಯ ದೇವಿಗೆ ಹೆಣ್ಣುಮಗುವನ್ನು ಬಿಡುವುದಕ್ಕೆ ನಮ್ಮ ಕಡೆ ‘ಮುತ್ತು ಕಟ್ಟುವುದು’ ಎನ್ನುತ್ತಾರೆ. ಎಷ್ಟು ಚೆಂದದ ಮಾತು! ಕೊರಳಿಗೆ ಬೀಳುವ ಮಣಿಸರದ ಹಿಂದೆ ಏನಿದೆ ಎಂಬುದು ಆ ಮಾತಿನೊಳಗೆ ಕಾಣುವುದೇ ಇಲ್ಲ. ಬೆಳಗಾವಿ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 1934ರಲ್ಲೇ, ದೇವದಾಸಿ ಬಿಡುವುದನ್ನು ತಡೆಯುವ ಕಾನೂನು ಬಂತು. ಕರ್ನಾಟಕ ಸರ್ಕಾರ 1982ರಲ್ಲಿ ಇನ್ನೊಂದು ಕಾನೂನು ತಂದಿತು. ಎರಡನೆಯದು ಬೇಕಾಯಿತು ಎಂಬುದೇ ಮೊದಲನೆಯದರ ಕತೆ ಹೇಳುತ್ತದೆ. ಅತ್ತ ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿಯಲ್ಲಿ ಇದೇ ದೇವಿ ರೇಣುಕಾಂಬೆಯಾಗಿ ನೆಲೆಸಿದ್ದಾಳೆ, ಅಲ್ಲಿ ನಡೆಯುತ್ತಿದ್ದುದು ಬೆತ್ತಲೆ ಸೇವೆ. ಕೃಷ್ಣಪ್ಪನವರ ಸಂಘಟನೆ ಅದರ ವಿರುದ್ಧ ನಿಂತಿತು. 1986ರ ಮಾರ್ಚಿನಲ್ಲಿ ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಗುಂಪು ಮುಗಿಬಿತ್ತು, ಅವರ ಬಟ್ಟೆಯನ್ನೇ ಕಿತ್ತಿತು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

‘ಸೇವೆ’, ‘ಮುತ್ತು’, ‘ಹರಕೆ’. ಇವು ಭಕ್ತಿಯ ಪದಗಳು, ಕನ್ನಡ ಕಾವ್ಯ ಬಹಳ ಪ್ರೀತಿಯಿಂದ ಬಳಸಿದ ಪದಗಳು. ಚಳವಳಿ ಕೇಳಿದ್ದು ಒಂದೇ: ಈ ಪದ ಯಾರ ಮೈಮೇಲೆ ಬೀಳುತ್ತದೆ? ಸೇವೆ ಮಾಡುವವರ ಪಟ್ಟಿಯಲ್ಲಿ ಊರ ಗೌಡರ ಮನೆಯ ಹೆಣ್ಣುಮಕ್ಕಳು ಯಾಕಿಲ್ಲ? ಕವಿತೆಯೊಂದನ್ನು ಎದುರಿಗಿಟ್ಟುಕೊಂಡು ಒಂದೊಂದು ಪದವನ್ನು ಹೀಗೆ ಎಳೆದು ನೋಡಿದರೆ ನಾವು ಅದನ್ನು ನಿಕಟ ಓದು ಎನ್ನುತ್ತೇವೆ, ಅಂಕ ಕೊಡುತ್ತೇವೆ. ಜಾತ್ರೆಯ ಬಯಲಿನಲ್ಲಿ ಮಾಡಿದರೆ ಅದು ಬರೀ ಚಳವಳಿ.

ಇಲ್ಲಿ ಇನ್ನೊಂದು ಮಾತು ಸೇರಿಸಬೇಕು. ಆ ದಿನಗಳ ವೇದಿಕೆಗಳಲ್ಲಿ ದೇವದಾಸಿಯರ ಬಗ್ಗೆ ಮಾತಾಡಿದವರು ಬಹುಪಾಲು ಗಂಡಸರು. ನಮ್ಮದೇ ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ, ಚಿಕ್ಕಂದಿನಲ್ಲೇ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಗಳೊಬ್ಬಳು ತಾನೇ ಸಂಘಟನೆ ಕಟ್ಟಿ ನಡೆಸಿದ ಕತೆ ನಾಡಿಗೆ ತಿಳಿಯಿತು. ಸಭೆಯಲ್ಲಿ ಯಾರಿಲ್ಲ ಎಂಬ ಕೃಷ್ಣಪ್ಪನವರ ಪ್ರಶ್ನೆಯನ್ನು ಅವರ ಸಭೆಗಳಿಗೇ ಹಾಕಿದರೆ ಉತ್ತರ ಅಷ್ಟು ಸುಲಭವಿಲ್ಲ.

1987ರಲ್ಲಿ ಬೆಂಡಿಗೇರಿ. ಬೆಳಗಾವಿ ಜಿಲ್ಲೆಯ ಈ ಊರು ಬೈಲಹೊಂಗಲಕ್ಕೆ ದೂರದ್ದೇನಲ್ಲ. ಅಲ್ಲಿ ದಲಿತರಿಗೆ ಮನುಷ್ಯರ ಮಲ ತಿನ್ನಿಸಿದರು. ಸಂಘರ್ಷ ಸಮಿತಿ ರಾಜ್ಯದ ಉದ್ದಗಲಕ್ಕೂ ಬೀದಿಗಿಳಿಯಿತು. ಈ ವಾಕ್ಯವನ್ನು ಬರೆಯುವಾಗಲೂ ಕೈ ನಿಲ್ಲುತ್ತದೆ. ಸಂಸ್ಕೃತದ ‘ಮಲ’ ಎಂಬ ಪದದ ಹಿಂದೆ ನಾನೂ ಅಡಗಿಕೊಳ್ಳುತ್ತಿದ್ದೇನೆ. ಊರಿನವರು ಹಾಗೆ ಹೇಳುವುದಿಲ್ಲ. ಎರಡು ವರ್ಷದ ನಂತರ, 1989ರಲ್ಲಿ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಬಂತು. ಅದರ ಮೂರನೆಯ ಸೆಕ್ಷನ್ನಿನಲ್ಲಿ ಅಪರಾಧಗಳ ಪಟ್ಟಿ ಇದೆ. ಆ ಪಟ್ಟಿಯ ಮೊಟ್ಟಮೊದಲ ಅಪರಾಧ ಯಾವುದು ಗೊತ್ತೇ? ತಿನ್ನಬಾರದ, ಹೇಸಿಗೆಯ ವಸ್ತುವನ್ನು ಬಲವಂತದಿಂದ ತಿನ್ನಿಸುವುದು, ಕುಡಿಸುವುದು. ಬೆಂಡಿಗೇರಿಯಿಂದಲೇ ಈ ಸಾಲು ಬಂತು ಎಂದು ನಾನು ಹೇಳುತ್ತಿಲ್ಲ. ದೇಶದಲ್ಲಿ ಇಂಥ ಊರುಗಳಿಗೆ ಬರವಿಲ್ಲ. ಆದರೆ ಬೆಳಗಾವಿ ಜಿಲ್ಲೆಯವನೊಬ್ಬ ಆ ಸಾಲನ್ನು ಓದುವಾಗ ಅದು ಬರೀ ಕಾನೂನಾಗಿ ಉಳಿಯುವುದಿಲ್ಲ.

ಕಾನೂನಿನ ಹೆಸರುಗಳೂ ಓದತಕ್ಕವು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ. 1976ರಲ್ಲಿ ಅದೇ ಕಾಯ್ದೆಯ ಹೆಸರು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದಾಯಿತು. 1989ರಲ್ಲಿ ‘ದೌರ್ಜನ್ಯ’ ಬಂತು. ಮುಟ್ಟದಿರುವುದು ಅಪರಾಧ ಎಂಬಲ್ಲಿಂದ ಹಕ್ಕು ಎಂಬಲ್ಲಿಗೆ, ಅಲ್ಲಿಂದ ಹಿಂಸೆಯನ್ನು ಹಿಂಸೆ ಎಂದೇ ಕರೆಯುವಲ್ಲಿಗೆ. ಇದೇ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಕನ್ನಡದಲ್ಲಿ ‘ಹರಿಜನ’ ಹಿಂದೆ ಸರಿದು ‘ದಲಿತ’ ಮುಂದೆ ಬಂತು. ಹಾಗೆಯೇ ಮನವಿ ಪತ್ರದ ಕನ್ನಡವೂ ಬದಲಾಯಿತು. ‘ಬೇಡಿಕೆ’ ಎಂಬ ನಮ್ಮ ಪದದ ಬೇರು ‘ಬೇಡು’. ಬೇಡುವವನು ಕೈ ಒಡ್ಡುತ್ತಾನೆ, ಕೊಡುವವನು ಮೇಲಿರುತ್ತಾನೆ. ಚಳವಳಿಗಳ ಕನ್ನಡದಲ್ಲಿ ‘ಹಕ್ಕೊತ್ತಾಯ’ ಎಂಬ ಪದ ಚಾಲ್ತಿಗೆ ಬಂದಾಗ ವಾಕ್ಯದ ಎತ್ತರವೇ ಬದಲಾಯಿತು. ಇದನ್ನು ಕೃಷ್ಣಪ್ಪ ಒಬ್ಬರೇ ಮಾಡಿದರು ಎನ್ನಲಾಗದು. ಒಬ್ಬ ಕನ್ನಡ ಮೇಷ್ಟರ ಮುಂದಾಳುತನದಲ್ಲಿ ಬೆಳೆದ ಚಳವಳಿ ಪದಗಳ ಬಗ್ಗೆ ಇಷ್ಟು ಎಚ್ಚರವಾಗಿತ್ತು ಎಂಬುದು ಮಾತ್ರ ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ. ಹಾಗಂತ ಎಲ್ಲ ಪದವೂ ಕೇರಿಯದಾಗಿರಲಿಲ್ಲ. ‘ಸಂಘರ್ಷ ಸಮಿತಿ’ ನಾಲಿಗೆಗೆ ಭಾರ. ಜನ ಅದನ್ನು ಡಿ.ಎಸ್.ಎಸ್. ಮಾಡಿಕೊಂಡು ಹಗುರ ಮಾಡಿದರು.

ನಮ್ಮ ಸೀಮೆಗೆ ನೆನಪು ಎಂದರೆ ಕುದುರೆ, ಕತ್ತಿ. ಬೈಲಹೊಂಗಲದಲ್ಲಿ ಚನ್ನಮ್ಮನ ಸಮಾಧಿ ಇದೆ, ಪಕ್ಕದಲ್ಲೇ ಸಂಗೊಳ್ಳಿ ಇದೆ, ವರ್ಷಾ ಕಿತ್ತೂರು ಉತ್ಸವ ನಡೆಯುತ್ತದೆ. ಆ ನೆನಪಿನ ಬಗ್ಗೆ ನನಗೂ ಅಭಿಮಾನವೇ. ಆದರೆ ಈ ಮಾದರಿಯಲ್ಲಿ ಒಬ್ಬ ಮೇಷ್ಟರನ್ನು ನೆನೆಯಲು ಜಾಗವಿಲ್ಲ. ಅವರ ಕೈಯಲ್ಲಿ ಇದ್ದದ್ದು ಸೀಮೆಸುಣ್ಣ, ಕರಪತ್ರ. ಹಾಗಾಗಿ ಅವರ ಹೆಸರು ಬ್ಯಾನರಿನಲ್ಲಿ ಉಳಿಯಿತು, ಜಯಂತಿಯ ದಿನ ಹಾರ ಬಿತ್ತು. ಬರಹ ಓದುವ ಕೆಲಸ ಹಿಂದೆ ಬಿತ್ತು. 1925ರಲ್ಲಿ ಅಂಬೇಡ್ಕರ್ ಇದೇ ಜಿಲ್ಲೆಯ ನಿಪ್ಪಾಣಿಗೆ ಬಂದು ಸಮಾವೇಶದಲ್ಲಿ ಮಾತಾಡಿದ್ದರು. ಅದೂ ನಮ್ಮಲ್ಲಿ ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು?

ಕೃಷ್ಣಪ್ಪನವರನ್ನು ವಿಮರ್ಶಕ ಎಂದು ಓದಬೇಕಾದರೆ ಅವರ ಪ್ರಬಂಧಗಳ ಜೊತೆಗೆ ಆ ಕಾಲದ ಕರಪತ್ರ, ಮನವಿ, ‘ಪಂಚಮ’ ಪತ್ರಿಕೆಯ ಸಂಚಿಕೆಗಳನ್ನೂ ಪಠ್ಯವೆಂದು ಎದುರಿಗಿಟ್ಟುಕೊಳ್ಳಬೇಕು. ಗ್ರಂಥಾಲಯದ ಕಪಾಟು ಪುಸ್ತಕಕ್ಕೆಂದು ಮಾಡಿದ್ದು, ಒಂದು ಹಾಳೆಯ ಕರಪತ್ರವನ್ನು ಅದು ಹಿಡಿಯುವುದಿಲ್ಲ. ಅವು ಇರುವುದು ಹಳೆಯ ಕಾರ್ಯಕರ್ತರ ಮನೆಯ ಟ್ರಂಕುಗಳಲ್ಲಿ, ಮಕ್ಕಳ ಮಾರ್ಕ್ಸ್ ಕಾರ್ಡಿನ, ಪಡಿತರ ಚೀಟಿಯ ನಡುವೆ. ಹುಳ ತಿಂದದ್ದು ಹೋಗಿ ಉಳಿದದ್ದು ನಮಗೆ. ಕೈಗೆ ಸಿಕ್ಕವುಗಳಲ್ಲಿ ಬಹಳಷ್ಟಕ್ಕೆ ಇಸವಿ ಇಲ್ಲ. ತಾರೀಖು ಇರುತ್ತದೆ, ವಾರ ಇರುತ್ತದೆ, ಹೊತ್ತು ಇರುತ್ತದೆ. ನಾಡಿದ್ದು ಸಭೆ ಇರುವಾಗ ಇಸವಿ ಯಾರಿಗೆ ಬೇಕು? ಆ ತಾರೀಖು ಆ ವಾರದಂದು ಯಾವ ಯಾವ ವರ್ಷ ಬಿದ್ದಿತ್ತು ಎಂದು ಹಳೆಯ ಕ್ಯಾಲೆಂಡರುಗಳನ್ನು ಹರಡಿಕೊಂಡು ಹೊಂದಿಸಬೇಕು. ಎರಡು ಮೂರು ಇಸವಿ ಹೊಂದುತ್ತವೆ. ಆಗ ಕರಪತ್ರದ ತಳದಲ್ಲಿ ಮುದ್ರಣಾಲಯದ ಹೆಸರು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು.