ತಾನಳಿದ ಮೇಲಿನ ಲೋಕ: 'ಬೆಟ್ಟದ ಜೀವ'ದ ಒಂದು ವಿಚಾರ

ಮೈಸೂರು ನಗರದೊಳಗೆ ಸೇರಿಹೋಗಿರುವ ಕುಂಬಾರಕೊಪ್ಪಲು ತನ್ನ ಹೆಸರಿನಲ್ಲಿಯೇ ಒಂದು ಕಾಯಕವನ್ನು ಉಳಿಸಿಕೊಂಡಿದೆ. ಕುಂಬಾರನು ಮಡಕೆಯನ್ನು ಮಾಡುವುದು ಬಹುಮಟ್ಟಿಗೆ ಪರರ ಮನೆಗೆ. ಅವನು ಅಳಿದ ಮೇಲೂ ಅದರಲ್ಲಿ ಯಾರೋ ನೀರು ತುಂಬುತ್ತಾರೆ. ತಾನು ಕಾಣಲಾರದ ಆ ನಾಳೆಗಾಗಿ ಮನುಷ್ಯನು ಇಂದಿನ ತನ್ನ ಸುಖವನ್ನು ಏಕೆ ಬಿಟ್ಟುಕೊಡಬೇಕು? ತಾನಿಲ್ಲದ ಲೋಕ ಉಳಿದರೇನು, ಅಳಿದರೇನು?

ಹರಿಹರನ ಕುಂಬಾರ ಗುಂಡಯ್ಯನ ರಗಳೆಯಲ್ಲಿ ಈ ಪ್ರಶ್ನೆಗೆ ಎಡೆಯೇ ಇಲ್ಲ. ಗುಂಡಯ್ಯನು ಮಡಕೆ ತಟ್ಟುವ ನಾದಕ್ಕೆ ಶಿವನೇ ಕುಣಿಯುವಲ್ಲಿ ಕಾಯಕವೂ ಆನಂದವೂ ಬೇರೆಬೇರೆಯಾಗಿ ಉಳಿಯುವುದಿಲ್ಲ; ಕಡೆಗೆ ಕೈಲಾಸಪದವಿಯೂ ಇದೆ. ಅಂತಹ ಭರವಸೆಯನ್ನು ಮುಂದಿಡದೆ ಇದೇ ಪ್ರಶ್ನೆಯನ್ನು ಎದುರಿಸಿದ ಕೃತಿ ಶಿವರಾಮ ಕಾರಂತರ 'ಬೆಟ್ಟದ ಜೀವ' (1943).

ಈ ಕಾದಂಬರಿಯ ಗೋಪಾಲಯ್ಯ ಸುಬ್ರಹ್ಮಣ್ಯದ ಸೀಮೆಯ ಕಾಡಿನ ನಡುವೆ ತೋಟವೆಬ್ಬಿಸಿದ ವೃದ್ಧ. ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಆದರೂ ಮುದುಕನ ದುಡಿಮೆ ನಿಂತಿಲ್ಲ; ಮಗನಲ್ಲದ ನಾರಾಯಣನಿಗೆ ಅವನು ನೆಲೆ ಕಲ್ಪಿಸುತ್ತಾನೆ, ದಾರಿ ತಪ್ಪಿ ಬಂದ ಅತಿಥಿಯನ್ನು ಆದರದಿಂದ ಸತ್ಕರಿಸುತ್ತಾನೆ.

ಈ ದುಡಿಮೆಯೆಲ್ಲ ಮಗನ ಕೊರಗನ್ನು ಮರೆಯುವ ಉಪಾಯವೆಂದು ಕೆಲವರು ಹೇಳಬಹುದು. ಆ ಮಾತನ್ನು ಪೂರ್ತಿಯಾಗಿ ತಳ್ಳಿಹಾಕಲಾಗದು. ಆದರೆ ಬರಿಯ ಮರೆವಿಗಾದರೆ ಯಾವ ಕೆಲಸವಾದರೂ ಸಾಲುತ್ತಿತ್ತು. ಅಡಿಕೆಯ ಸಸಿ ಫಲಕ್ಕೆ ಬರಲು 5-6 ವರ್ಷಗಳಾದರೂ ಬೇಕು. ಇಳಿವಯಸ್ಸಿನಲ್ಲಿ ತೋಟದ ಮಾತಾಡುವವನು ತನ್ನ ಆಯುಸ್ಸಿಗಿಂತ ಉದ್ದವಾದ ಕಾಲವನ್ನು ನಂಬಿರಲೇಬೇಕು.

ಅಮೆರಿಕದ ತತ್ತ್ವಜ್ಞ ಸ್ಯಾಮ್ಯುಯೆಲ್ ಶೆಫ್ಲರ್ 2013ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಒಂದು ಕಲ್ಪನೆಯನ್ನು ಮುಂದಿಟ್ಟಿದ್ದಾರೆ: ನಾವು ಪೂರ್ಣಾಯುಷಿಗಳಾಗಿ ಬಾಳುತ್ತೇವೆ; ಆದರೆ ನಮ್ಮ ಮರಣದ 30 ದಿನಗಳ ತರುವಾಯ ಭೂಮಿಯೇ ನಾಶವಾಗುತ್ತದೆ. ಇದನ್ನು ಮೊದಲೇ ತಿಳಿದರೆ ಇಂದಿನ ನಮ್ಮ ಅನೇಕ ಉದ್ಯೋಗಗಳು ಈಗಲೇ ಅರ್ಥ ಕಳೆದುಕೊಳ್ಳುತ್ತವೆಯೆಂಬುದು ಅವರ ವಾದ. ಗೋಪಾಲಯ್ಯನಿಗೆ ಹೀಗೆಂದು ತಿಳಿದಿದ್ದರೆ ಅವನು ಗುದ್ದಲಿ ಹಿಡಿಯುತ್ತಿದ್ದನೆ? ಅವನ ಸಂತೋಷದ ಬೇರು ಇರುವುದೇ ಮುಂದಿನವರ ಬಾಳಿನಲ್ಲಿ. ತನ್ನ ಸುಖವನ್ನು ಒಂದು ತಟ್ಟೆಯಲ್ಲಿಯೂ ಲೋಕದ ಉಳಿವನ್ನು ಇನ್ನೊಂದರಲ್ಲಿಯೂ ಇಟ್ಟು ತೂಗಲು ಹೊರಟರೆ ಅವನ ವಿಷಯದಲ್ಲಿ ತಕ್ಕಡಿಯೇ ನಿಲ್ಲದು.

ಆದರೂ ಕಾರಂತರು ದುಃಖಕ್ಕೆ ಸುಲಭದ ಪರಿಹಾರವನ್ನು ಹೇಳಿಲ್ಲ. ತೋಟ ಎಷ್ಟೇ ಚಿಗುರಲಿ, ಗೋಪಾಲಯ್ಯನ ಪತ್ನಿ ಶಂಕರಿಯ ಪುತ್ರವಿರಹ ಇಂಗುವುದಿಲ್ಲ. ಲೋಕ ಉಳಿಯುವುದೆಂಬ ಸಮಾಧಾನ ತಾಯಿಯ ಒಡಲಿಗೆ ಸಾಲದೆಂಬ ಸತ್ಯವನ್ನು ಮರೆಮಾಚದಿರುವುದೇ ಈ ಕೃತಿಯ ಪ್ರಾಮಾಣಿಕತೆ. ದಾಸೋಹತತ್ತ್ವವನ್ನು ಬಲ್ಲ ನಮ್ಮ ಓದುಗರು ಇದನ್ನು ವಿಶೇಷವಾಗಿ ಗಮನಿಸಬೇಕು. ಮಕ್ಕಳು ದೂರದೇಶಗಳನ್ನು ಸೇರಿ, ವೃದ್ಧರಿಬ್ಬರೇ ಉಳಿದಿರುವ ಮನೆಗಳು ಇಂದು ನಮ್ಮ ನಡುವೆ ಅನೇಕ. ಅಂತಹ ಮನೆಯಲ್ಲಿ ಕುಳಿತು ಈ ಕಾದಂಬರಿಯನ್ನು ಓದುವವರು ಶಂಕರಿಯ ಕಣ್ಣೀರನ್ನು ಅಲ್ಲಗಳೆಯದೆಯೇ ಗೋಪಾಲಯ್ಯನ ಗುದ್ದಲಿಯನ್ನು ಕೈಗೆತ್ತಿಕೊಳ್ಳಬಹುದು.