ಒಳಗಿನ ಇಕ್ಕಳ

ಹೃದಯವನ್ನು ಮತ್ತೆ ಬಡಿಯುವ ಹಾಗೆ ನಿಲ್ಲಿಸುವುದರಲ್ಲೇ ಇದೆ ಹೃದಯ ಶಸ್ತ್ರಚಿಕಿತ್ಸೆಯ ಕಸುಬು. ಹಳೆಯ ಕ್ರಮದಲ್ಲಿ ಎದೆಮೂಳೆ ಸೀಳಿ, ಮಹಾಧಮನಿಗೆ ಹೊರಗಿನಿಂದ ಇಕ್ಕಳ ಹಾಕುತ್ತಾರೆ. 1990ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನ ವೈದ್ಯರು ಆ ಕೆಲಸವನ್ನು ಒಳಗಿನಿಂದಲೇ ಮಾಡಿಸಿದರು. ತೊಡೆಸಂದಿನ ಧಮನಿಯಿಂದ ಏರಿಸಿದ ಕ್ಯಾಥೆಟರ್‌ನ ಬಲೂನು ಮಹಾಧಮನಿಯೊಳಗೆ ಉಬ್ಬಿ ದಾರಿ ಮುಚ್ಚುತ್ತದೆ. ಅದರ ತುದಿಯಿಂದ ಪೊಟ್ಯಾಸಿಯಂ ಬೆರೆತ ದ್ರಾವಣ ಹೃದಯಕ್ಕೇ ರಕ್ತ ಒದಗಿಸುವ ಕರೋನರಿ ಧಮನಿಗಳಿಗೆ ಹರಿದು, ಹೃದಯ ಸಡಿಲಗೊಂಡು ನಿಲ್ಲುತ್ತದೆ. ಅಷ್ಟು ಹೊತ್ತು ದೇಹಕ್ಕೆ ರಕ್ತ ಹರಿಸುವುದು ಹಾರ್ಟ್-ಲಂಗ್ ಯಂತ್ರ. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಹೃದಯದೊಳಗೆ ಉಳಿದ ಗಾಳಿಯನ್ನು ಹೊರಗೆಳೆಯುವುದೂ ಅದೇ ತುದಿಯೇ. ಒಂದೇ ಕೊಳವೆಗೆ ಮೂರು ಕೆಲಸ! ಆದರೆ ಬಲೂನು ತುಸು ಮುಂದೆ ಜಾರಿದರೆ ಮಿದುಳಿಗೆ ಹೋಗುವ ಧಮನಿಯೇ ಮುಚ್ಚೀತು. ಹಾಗಾಗಿ ಬಲೂನಿನ ಜಾಗವನ್ನು ಅಲ್ಟ್ರಾಸೌಂಡ್‌ನಲ್ಲಿ ತೋರಿಸುವ ಎಕೋ ಪರದೆಯ ಮೇಲೆ ಕಣ್ಣಿಟ್ಟು ಕೂರುವ ಅರಿವಳಿಕೆ ತಜ್ಞರಿಗೆ ನನ್ನ ಮೆಚ್ಚುಗೆಯ ಅರ್ಧಪಾಲು ಸಲ್ಲಬೇಕು.