ಅರಾವಳಿಯ ಚಾರಣಕ್ಕೆ ಕಾಲಿಗೆ ಏನು ಕಟ್ಟಬೇಕು?

ಜುಲೈನಲ್ಲಿ ಎರಡು ಒಳ್ಳೆಯ ಮಳೆ ಬಿದ್ದರೆ ಸಾಕು, ದಿಲ್ಲಿಯ ಮಗ್ಗುಲಿನ ಅರಾವಳಿ ಗುಡ್ಡಗಳು ಹಸಿರಾಗುತ್ತವೆ. ಗುರುಗ್ರಾಮ, ನೋಯ್ಡಾಗಳಲ್ಲಿ ಕೆಲಸಕ್ಕಿರುವ ನಮ್ಮ ಹುಡುಗ ಹುಡುಗಿಯರು ಭಾನುವಾರ ನಸುಕಿನಲ್ಲೇ ಮಾಂಗರ್, ದಮ್‌ದಮಾ ಕಡೆ ಹೊರಡುತ್ತಾರೆ. ಹಾವುಗಳು ಚುರುಕಾಗುವುದೂ ಇದೇ ತಿಂಗಳುಗಳಲ್ಲಿ. ‘ಹಾವು ಕಚ್ಚಿದರೂ ಹಲ್ಲು ಇಳಿಯದಂಥ ಬೂಟು ಯಾವುದು?’ ಎಂದು ಕೇಳುವವರು ಈ ಕಾಲದಲ್ಲಿ ಹೆಚ್ಚು. ಬೂಟಿನ ಮಾತಿಗೆ ಮೊದಲು ಹಾವಿನ ಮಾತಾಡಬೇಕು.

ಇಲ್ಲಿನ ಊರಂಚಿನಲ್ಲಿ ನಾಗರಹಾವು, ಕಟ್ಟುಹಾವು ಎರಡೂ ಇವೆ. ಕಟ್ಟುಹಾವು ಹೆಚ್ಚಾಗಿ ಕಚ್ಚುವುದು ರಾತ್ರಿ, ನೆಲದ ಮೇಲೆ ಮಲಗಿದವರನ್ನು. ಅದಕ್ಕೆ ಸೊಳ್ಳೆಪರದೆ ಬೇಕು, ಬೂಟಲ್ಲ. ನಾಗರ ಸಾಮಾನ್ಯವಾಗಿ ಹೆಡೆಯೆತ್ತಿ ಎಚ್ಚರಿಸುತ್ತದೆ. ಕಲ್ಲುಗುಡ್ಡ ಹತ್ತುವವರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದದ್ದು ಗರಗಸ ಮಂಡಲವನ್ನು. ಒಂದೂವರೆ, ಎರಡು ಅಡಿಯ ಹಾವು. ಮೈಬಣ್ಣ ಒಣಮಣ್ಣಿನದೇ. ಕಲ್ಲಿನ ಸಂದಿಯಲ್ಲಿ ಮಡಚಿಕೊಂಡು ಕೂತರೆ ಎದುರಿಗಿದ್ದರೂ ಕಾಣುವುದಿಲ್ಲ. ಕೆಣಕಿದರೆ ಮೈಯ ಮಡಿಕೆಗಳನ್ನು ಒಂದಕ್ಕೊಂದು ಉಜ್ಜುತ್ತದೆ. ಕಾದ ಕಾವಲಿಗೆ ನೀರು ಚಿಮುಕಿಸಿದಂಥ ಸದ್ದು. ಆ ಸದ್ದು ಕೇಳಿದ ಕೂಡಲೇ ನಿಂತುಬಿಡಬೇಕು.

ಇಷ್ಟು ಪುಟ್ಟ ಹಾವು ನೆಲದಿಂದ ಎರಗಿದರೆ ಏಟು ಬೀಳುವುದು ಪಾದಕ್ಕೆ, ಹಿಮ್ಮಡಿಗೆ, ಕಾಲಿನ ಗಂಟಿನ ಆಸುಪಾಸಿಗೆ. ವಿಷದ ಹಲ್ಲೂ ಕೆಲವೇ ಮಿಲಿಮೀಟರ್ ಉದ್ದ. ನಮ್ಮ ಮಲೆನಾಡಿನ ತೋಟಗಳ ಕೊಳಕು ಮಂಡಲದ ಹಲ್ಲು ಒಂದೂವರೆ ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಅಲ್ಲಿ ಅಡಿಕೆ, ಕಾಫಿ ತೋಟದ ಕೆಲಸಕ್ಕೆ ಮೊಣಕಾಲಿನ ಹತ್ತಿರಕ್ಕೆ ಬರುವ ಗಂಬೂಟೇ ಸರಿ. ಅರಾವಳಿಯಲ್ಲಿ ಅದನ್ನೇ ಹಾಕಿಕೊಂಡು ಹತ್ತಬೇಡಿ. ಇಲ್ಲಿಯದು ನುಣುಪಾದ ಕ್ವಾರ್ಟ್‌ಜೈಟ್ ಬಂಡೆ. ಮಳೆಯಲ್ಲಿ ನೆನೆದಾಗ ಅಗ್ಗದ ಪಿವಿಸಿ ಅಟ್ಟೆ ಜಾರುತ್ತದೆ, ಗಂಬೂಟಿನೊಳಗೆ ಕಾಲಿನ ಗಂಟಿಗೆ ಆಸರೆಯೂ ಇರುವುದಿಲ್ಲ. ಹಾವಿಗೆ ಹೆದರಿ ಕಾಲು ಮುರಿದುಕೊಂಡಂತಾದೀತು.

ನನ್ನ ಆಯ್ಕೆ ಹೀಗಿದೆ: ಕಾಲಿನ ಗಂಟನ್ನು ಪೂರ್ತಿ ಮುಚ್ಚುವ ಚರ್ಮದ ಚಾರಣ ಬೂಟು, ದಪ್ಪ ಉಲನ್ ಕಾಲುಚೀಲ, ಸಡಿಲವಾದ ದಪ್ಪ ಪ್ಯಾಂಟು, ಅದರ ಮೇಲೆ ಗೇಟರ್, ಅಂದರೆ ಬೂಟಿನ ಮೇಲ್ಭಾಗದಿಂದ ಮೊಣಕಾಲಿನ ಕೆಳಗಿನವರೆಗೆ ಕಾಲಿಗೆ ಸುತ್ತಿ ಕಟ್ಟುವ ಹೊದಿಕೆ. ಮೆಶ್ ಬಟ್ಟೆಯ ಓಟದ ಶೂ ಬೇಡವೇ ಬೇಡ. ಮೈಗಂಟುವ ಲೆಗ್ಗಿಂಗ್ಸ್ ಇನ್ನೂ ಕೆಟ್ಟದ್ದು, ಬಟ್ಟೆಗೂ ಚರ್ಮಕ್ಕೂ ನಡುವೆ ಒಂದು ಎಳೆಯಷ್ಟೂ ಜಾಗವಿರುವುದಿಲ್ಲ. ಸಡಿಲ ಬಟ್ಟೆಯಲ್ಲಿ ಹಲ್ಲಿನ ಉದ್ದದ ಒಂದಷ್ಟು ಪಾಲು ಗಾಳಿಯಲ್ಲೇ ಕಳೆದುಹೋಗುತ್ತದೆ. ಕ್ಯಾಲಿಫೋರ್ನಿಯಾದ ಲೋಮ ಲಿಂಡಾ ವಿಶ್ವವಿದ್ಯಾಲಯದವರು ಈ ವಿಷಯದಲ್ಲೊಂದು ಪ್ರಯೋಗ ಮಾಡಿ 2009ರಲ್ಲಿ ಪ್ರಕಟಿಸಿದರು. ಬರಿಯ ಕೈಗವಸಿನ ಗೊಂಬೆಗೂ ಡೆನಿಮ್ ಸುತ್ತಿದ ಗೊಂಬೆಗೂ ಬುಡುಬುಡಿಕೆ ಹಾವುಗಳಿಂದ ಕಚ್ಚಿಸಿ ನೋಡಿದಾಗ, ಡೆನಿಮ್ ಇದ್ದಲ್ಲಿ ಒಳಗಿಳಿದ ವಿಷ ಅರ್ಧಕ್ಕಿಂತಲೂ ಕಡಿಮೆ. ಬರೀ ಜೀನ್ಸ್ ಬಟ್ಟೆಯ ಗುಣ ಇದು.

ಗೇಟರ್ ಕೊಳ್ಳುವಾಗ ಮೋಸಹೋಗುವವರು ಬಹಳ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಹಿಮಾಲಯದ ಹಿಮ ತಡೆಯುವ ತೆಳು ಬಟ್ಟೆಯದು. ಅದು ಮುಳ್ಳು, ಕೆಸರಿಗೆ ಸಾಕು, ಹಾವಿಗೆ ಸಾಲದು. ಹಾವಿಗೆಂದೇ ಮಾಡಿದ್ದರಲ್ಲಿ ಎರಡು ಬಗೆ. ಒಂದರಲ್ಲಿ ಪಾಲಿಕಾರ್ಬೊನೇಟ್ ಪಟ್ಟಿ ಹೊಲಿದಿರುತ್ತಾರೆ, ಇನ್ನೊಂದು ಬಿಗಿಯಾಗಿ ನೇಯ್ದ ಹಲವು ಪದರಗಳ ಬಟ್ಟೆ. ಪಟ್ಟಿಯದು ಗಟ್ಟಿ, ಆದರೆ ಬಂಡೆಯ ಮೇಲೆ ಕಾಲು ಮಡಚುವಾಗ ಅಡ್ಡ ಬರುತ್ತದೆ, ಪಟ್ಟಿಗಳ ನಡುವಿನ ಸಂದಿ ಹಾಗೇ ಉಳಿಯುತ್ತದೆ. ನಾನು ಬಟ್ಟೆಯದನ್ನೇ ಮೆಚ್ಚುತ್ತೇನೆ. ವೆಲ್ಡಿಂಗ್ ಮಾಡುವವರ ಚರ್ಮದ ಲೆಗ್‌ಗಾರ್ಡ್ ಅಗ್ಗಕ್ಕೆ ಸಿಗುತ್ತದೆ, ಒಂದೇ ಕಡೆ ನಿಂತು ಕಳೆ ಕೊಚ್ಚುವವರಿಗೆ ಒಳ್ಳೆಯದೇ. ಆಗಸ್ಟ್‌ನ ಈ ಸೆಕೆಯಲ್ಲಿ ಬೆವರು ಕುಡಿದು ಭಾರವಾಗುವುದರಿಂದ ಹತ್ತುವವರಿಗೆ ಆಗದು.

ತೊಟ್ಟು ನೋಡುವಾಗ ಮೊದಲು ಕೆಳಗಿನ ಅಂಚು ನೋಡಿ. ಬೂಟಿನ ನಾಲಗೆ, ಲೇಸು ಎರಡನ್ನೂ ಅದು ಮುಚ್ಚಬೇಕು. ಅಲ್ಲಿ ಒಂದು ಬೆರಳಿನಷ್ಟು ಜಾಗ ಬಿಟ್ಟಿದ್ದರೆ ಮೇಲೆ ಎಷ್ಟು ಪದರವಿದ್ದರೂ ದಂಡ. ಅಟ್ಟೆಯ ಕೆಳಗೆ ಹಾಯುವ ಪಟ್ಟಿ ಕಲ್ಲಿಗೆ ಸವೆದು ಬೇಗ ಹರಿಯುತ್ತದೆ, ಬದಲಾಯಿಸಲು ಬರುವಂಥದ್ದಿರಲಿ. ಇನ್ನು ವೆಲ್‌ಕ್ರೋ. ಉತ್ತರಾಣಿ ಬೀಜ ತುಂಬಿಕೊಂಡರೆ ಅದು ಹಿಡಿಯುವುದೇ ಇಲ್ಲ, ಒಳ್ಳೆಯ ಜಿಪ್ ಜೊತೆಗಿರಬೇಕು. ಜಿಪ್ಪಿಗೆ ಇನ್ನೊಂದು ಕಾರಣವೂ ಇದೆ. ಕಚ್ಚಿದ ಕಾಲು ಊದಿಕೊಳ್ಳುತ್ತದೆ, ಊತ ಏರುವ ಮೊದಲೇ ಗೇಟರ್, ಬೂಟು, ಕಾಲ್ಗೆಜ್ಜೆ ಎಲ್ಲವನ್ನೂ ಕಾಲು ಅಲುಗಿಸದೆ ಬಿಚ್ಚಲು ಆಗಬೇಕು.

ಕಾಲು ಭದ್ರವೆಂದು ಕೈ ಮರೆಯುವವರೂ ಇದ್ದಾರೆ. ಬಳ್ಳಾರಿ ಜಾಲಿಯ ಪೊದೆಯಡಿ ಉರುಳಿದ ಬಾಟಲಿಗೆ ಕೈ ಹಾಕುವುದು, ಹತ್ತುವಾಗ ಕಾಣದ ಸಂದಿಯನ್ನು ಹಿಡಿಯುವುದು, ನೋಡದೆ ಬಂಡೆಯ ಮೇಲೆ ಕೂರುವುದು ಇವ್ಯಾವಕ್ಕೂ ಗೇಟರ್ ಕಾವಲಲ್ಲ.

ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿದ್ದಾರೆಂದು ಅಂದಾಜು. ಕರ್ನಾಟಕ 2024ರಲ್ಲಿ ಇದನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಒಳ್ಳೆಯ ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು, ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬೇರೆಯಾಗುತ್ತದೆ, ಪ್ರತಿವಿಷ ಎಲ್ಲ ಕಡೆಯೂ ಒಂದೇ ಸಮ ಕೆಲಸ ಮಾಡುವುದಿಲ್ಲ ಎಂದು ತೋರಿಸಿದ್ದಾರೆ. ಹಾಗೆಂದು ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಮಾಡಬೇಡಿ. ಈಗಲೂ ನಮಗಿರುವ ಮದ್ದು ಪ್ರತಿವಿಷವೇ. ಶನಿವಾರ ಸಂಜೆ ಬೂಟಿಗೆ ಪಾಲಿಶ್ ಹಚ್ಚುವಾಗಲೇ, ಗುಡ್ಡಕ್ಕೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಅದು ಸಿಗುತ್ತದೆಂದು ಫೋನ್ ಮಾಡಿ ತಿಳಿದುಕೊಂಡಿರಿ.